ಚಕ್ರಕ್ಕೆ ಅಡ್ಡ ಕೊಟ್ಟ ಕೊಂಬೆ

ನಮ್ಮ ಸಂಸ್ಥೆಯಲ್ಲಿ ಅವಳ ನಿಜವಾದ ಹೆಸರು ಸಂಬಳದ ಗುಮಾಸ್ತರಿಗೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವಳು ಅಂಟಕ್ಕ. ಒಣಗಿಸಿದ ಗಿಡಗಳನ್ನು ದಪ್ಪ ಬಿಳಿ ಹಾಳೆಗೆ ಅಂಟಿಸಿ ಕಪಾಟಿಗೆ ಸೇರಿಸುವುದು ಅವಳ ಕೆಲಸ. ಇದನ್ನು ಕೇಳಿದವರು ‘ಅಷ್ಟೇನಾ?’ ಎಂದು ಮೂಗು ಮುರಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಂಥವರನ್ನೆಲ್ಲ ಅವಳ ಮೇಜಿನ ಮುಂದೆ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳುವಾಗಿ ಒಣಗಿದ ಹೂವೊಂದನ್ನು ಎಸಳು ಮುರಿಯದ ಹಾಗೆ ಎತ್ತಿಡಿ ನೋಡೋಣ ಎನ್ನಬೇಕೆಂದು ನನಗೆ ಬಹಳ ದಿನದಿಂದ ಆಸೆ. ನಾನೇ ಒಮ್ಮೆ ಪ್ರಯತ್ನಿಸಿ, ಎಸಳುಗಳನ್ನು ಮೇಜಿನ ಕೆಳಗೆ ಬಾಗಿ ಹುಡುಕಿದ್ದೇನೆ.

ಅವಳ ಕೋಣೆಗೂ ನನ್ನ ಕೋಣೆಗೂ ನಡುವೆ ಒಂದೇ ಗೋಡೆ. ಆ ಕಡೆ ಅವಳ ಉದ್ದನೆಯ ಹಜಾರ. ಎರಡೂ ಬದಿಗೆ ಕಪಾಟುಗಳು, ಕರ್ಪೂರದಂಥ ಒಂದು ಘಾಟು, ಕಿಟಕಿಯ ಕೆಳಗೆ ಅವಳ ಮೇಜು. ಈ ಕಡೆ ನನ್ನ ಡಿಎನ್‌ಎ ಕೋಣೆ. ಅಲ್ಲಿ ಗಿಡಗಳನ್ನು ನೂರಾರು ವರ್ಷ ಇಟ್ಟುಕೊಳ್ಳುವ ಲೆಕ್ಕದಲ್ಲಿ ಕಾಪಾಡುತ್ತಾರೆ. ಇಲ್ಲಿ ಅವನ್ನು ಅರೆಯುತ್ತಾರೆ. ಅರೆಯುವವಳು ನಾನು. ‘ನಾನು ಮಗುವನ್ನು ತೊಟ್ಟಿಲಿಗೆ ಹಾಕ್ತೀನಿ, ನೀನು ಒರಳಿಗೆ ಹಾಕ್ತೀಯಾ’ ಎಂದು ಅಂಟಕ್ಕ ನನ್ನನ್ನು ಆಗಾಗ ಬೈಯುತ್ತಿದ್ದಳು. ಬೈದ ಮೇಲೆ ತನ್ನ ಬುತ್ತಿಯಲ್ಲಿ ಅರ್ಧ ನನ್ನ ಕಡೆ ತಳ್ಳುತ್ತಿದ್ದಳು. ನಮ್ಮ ಸ್ನೇಹ ನಡೆದದ್ದೇ ಹೀಗೆ.

ಆ ಹಜಾರದಲ್ಲಿ ಪ್ರತಿ ಕಪಾಟಿನ ಮೇಲೂ ಒಂದು ಸಸ್ಯ ಕುಟುಂಬದ ಹೆಸರಿದೆ. ಮಲ್ಲಿಗೆಯ ಕುಟುಂಬಕ್ಕೊಂದು, ಕಾಫಿಯ ಕುಟುಂಬಕ್ಕೊಂದು. ಹುಲ್ಲುಗಳದ್ದಂತೂ ಒಂದು ಸಾಲೇ. ಎಲ್ಲ ದಾಟಿದ ಮೇಲೆ, ಕೈಕಾಲು ತೊಳೆಯುವ ಮನೆಯ ಪಕ್ಕದ ಕೊನೆಯ ಕಪಾಟಿಗೆ ಮಾತ್ರ ಹೆಸರಿಲ್ಲ. ಯಾವ ಕುಟುಂಬವೆಂದು ಯಾರಿಗೂ ಹೇಳಲಾಗದ ಹಾಳೆಗಳು ಅದರಲ್ಲಿವೆ. ಕೆಲವಕ್ಕೆ ಹೂವಿಲ್ಲ, ಕೆಲವಕ್ಕೆ ಕಾಯಿಲ್ಲ, ಕೆಲವು ಅರ್ಧ ಹುಳು ತಿಂದವು. ನಾವದನ್ನು ‘ಗೊತ್ತಿಲ್ಲ ಕಪಾಟು’ ಎನ್ನುತ್ತಿದ್ದೆವು. ಅಂಟಕ್ಕನ ಅಣ್ಣನ ಕೊಂಬೆ ಇದ್ದದ್ದು ಅದರೊಳಗೆ.

ಅಣ್ಣ ನಮ್ಮ ಸಂಸ್ಥೆಯ ಜೀಪು ಓಡಿಸುತ್ತಿದ್ದವನು. ಅಪ್ಪ ಅಮ್ಮ ಬೇಗ ಹೋದ ಮೇಲೆ ತಂಗಿಯನ್ನು ಓದಿಸಿ, ಇಲ್ಲಿ ಕೆಲಸಕ್ಕೆ ಸೇರಿಸಿದವನೂ ಅವನೇ. ಇಬ್ಬರೂ ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ ಅವಳು ‘ಇವನಿಗೆ ಯಾರು ಹೆಣ್ಣು ಕೊಡ್ತಾರೆ’ ಎನ್ನುತ್ತಿದ್ದಳು, ಅವನು ‘ಇವಳನ್ನ ಯಾರು ಕರ್ಕೊಂಡ್ ಹೋಗ್ತಾರೆ’ ಎನ್ನುತ್ತಿದ್ದ. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

ಗಿಡ ಹುಡುಕಲು ಹೊರಟ ವಿಜ್ಞಾನಿಗಳನ್ನು ಕರೆದುಕೊಂಡು ಅವನು ಬೆಟ್ಟದ ದಾರಿಯಲ್ಲಿ ಹೋಗುತ್ತಿದ್ದಾಗ, ಏರಿನ ನಡುವೆ ಜೀಪಿನ ಚಕ್ರ ಪಂಕ್ಚರ್ ಆಯಿತು. ಎಲ್ಲರೂ ಇಳಿದು ದಾರಿಬದಿಯ ಹೂವುಗಳ ಕಡೆ ಹೋದರು. ಉಳಿದ ಚಕ್ರಗಳಿಗೆ ಅಡ್ಡ ಕೊಡೋಣವೆಂದರೆ ಹತ್ತಿರದಲ್ಲೆಲ್ಲೂ ಕಲ್ಲಿಲ್ಲ. ಅಣ್ಣ ಪಕ್ಕದ ಒಂದು ಪೊದೆಯಿಂದ ಗಟ್ಟಿ ಕೊಂಬೆಗಳನ್ನು ಮುರಿದು, ಹೊರೆ ಕಟ್ಟಿ, ಹಿಂದಿನ ಚಕ್ರದಡಿ ತುರುಕಿದ. ಆಮೇಲೆ ಜಾಕ್ ಏರಿಸಿ ಗಾಡಿಯ ಕೆಳಗೆ ತೂರಿದ. ಜಾಕ್ ಜಾರಿತು. ಜೀಪು ಗೇಣುದ್ದ ಹಿಂದೆ ಸರಿದು, ಕೊಂಬೆಗಳ ಮೇಲೆ ಹತ್ತಿ, ಅಲ್ಲೇ ನಿಂತುಬಿಟ್ಟಿತು. ಇನ್ನೊಂದು ಗೇಣು ಸರಿದಿದ್ದರೆ ಅಣ್ಣನ ಎದೆ ಚಕ್ರದ ದಾರಿಯಲ್ಲಿತ್ತು.

ಹೊರಗೆ ಬಂದವನು ಅಂಗಿ ಕೊಡವಿಕೊಂಡು ಆ ಕೊಂಬೆಗಳಲ್ಲಿ ಒಂದನ್ನು ಎಳೆದು ತೆಗೆದ. ಬುಡ ಜಜ್ಜಿಹೋಗಿ, ಟಯರಿನ ಗೆರೆಗಳು ತೊಗಟೆಯ ಮೇಲೆ ಅಚ್ಚಾಗಿ ಕೂತಿದ್ದವು. ತುದಿಯ ಎಲೆಗಳು ಮಾತ್ರ ಏನೂ ಆಗದವರ ಹಾಗೆ ಹಸಿರಾಗಿದ್ದವು. ಅದನ್ನು ಹಿಡಿದುಕೊಂಡು ವಿಜ್ಞಾನಿಗಳ ಬಳಿ ಹೋಗಿ, ‘ಇದು ಯಾವ ಗಿಡ ಸ್ವಾಮೀ?’ ಎಂದು ಕೇಳಿದನಂತೆ. ಅವರು ತಿರುಗಿಸಿ ನೋಡಿ, ಹೂವಿಲ್ಲ, ಹೇಳಲಾಗದು ಎಂದರು. ‘ನನ್ನ ಪ್ರಾಣ ಉಳಿಸಿದೋರು ಯಾರ ಮನೆಯೋರು ಅಂತ ತಿಳ್ಕೊಳ್ಳೋದು ಬೇಡ್ವಾ?’ ಎಂದು ಅಣ್ಣ ಹಟ ಹಿಡಿದು ಅದನ್ನು ಮನೆಗೆ ತಂದ. ತಂಗಿಯ ಕೈಗೆ ಕೊಟ್ಟ.

ಕೊಂಬೆಯನ್ನು ಒಣಗಿಸಿ ಹಾಳೆಗೇರಿಸಿದಳು ಅಂಟಕ್ಕ. ಮುಂದೆ ಯಾರು ಯಾರೋ ಅದನ್ನು ನೋಡಿದರು. ಒಬ್ಬರು ಕಾಫಿಯ ಕುಟುಂಬವಿರಬಹುದು ಎಂದು ಪೆನ್ಸಿಲಿನಲ್ಲಿ ಬರೆದರು. ಇನ್ನೊಬ್ಬರು ಅದನ್ನು ಅಳಿಸಿ ಮಲ್ಲಿಗೆಯ ಕುಟುಂಬ ಎಂದು ಬರೆದರು. ಮೂರನೆಯವರು ಎರಡೂ ಅಲ್ಲವೆಂದು ಪ್ರಶ್ನೆ ಚಿಹ್ನೆ ಹಾಕಿ ಕೈ ತೊಳೆದುಕೊಂಡರು. ಮತ್ತೆ ಹೋಗಿ ಹೂವು ಹುಡುಕೋಣವೆಂದರೆ ರಸ್ತೆ ಅಗಲ ಮಾಡುವವರು ಆ ಇಳಿಜಾರನ್ನೇ ಕಡಿದು ಹಾಕಿದ್ದರು. ಅಣ್ಣನಿಗೆ ಮಾತ್ರ ಕುತೂಹಲ ಆರಲಿಲ್ಲ. ಕೆಲಸ ಬಿಟ್ಟು, ಮಂಡಿ ಸೋತು, ಕಿಟಕಿಯ ಪಕ್ಕದ ಕುರ್ಚಿಗೆ ಬಿದ್ದ ಮೇಲೂ, ತಂಗಿ ಸಂಜೆ ಚಪ್ಪಲಿ ಬಿಡುವಾಗ ‘ನಮ್ಮೋರ ಸಮಾಚಾರ ಏನಾದ್ರೂ ಗೊತ್ತಾಯ್ತಾ?’ ಎಂದು ಕೇಳುತ್ತಿದ್ದ. ನಮ್ಮೋರು ಎಂದರೆ ಆ ಕೊಂಬೆ. ‘ಇನ್ನೂ ಇಲ್ಲ ಕಣೋ’ ಎಂದು ಅವಳು ಒಳಗೆ ಹೋಗುತ್ತಿದ್ದಳು.

ಅವಳ ನಿವೃತ್ತಿಗೆ ಸ್ವಲ್ಪ ಮುಂಚೆ ನಿರ್ದೇಶಕರ ಆದೇಶ ಬಂತು. ಹಜಾರದ ಛಾವಣಿ ದುರಸ್ತಿಯಾಗಬೇಕು, ಹಾಳೆಗಳು ಹೊಸ ಕಬ್ಬಿಣದ ಕಪಾಟುಗಳಿಗೆ ಹೋಗಬೇಕು, ಜಾಗ ಕಡಿಮೆ. ಆದ್ದರಿಂದ ಕುಟುಂಬ ಗೊತ್ತಿಲ್ಲದ ಹಾಳೆಗಳನ್ನು ವಿಲೇವಾರಿ ಮಾಡತಕ್ಕದ್ದು. ವಿಲೇವಾರಿ ಎನ್ನುವ ಪದ ಕಂಡರೇ ನನಗೆ ಪಿತ್ತ ನೆತ್ತಿಗೇರುತ್ತದೆ. ಎಸೆಯಿರಿ ಎಂದು ಬಾಯಿಬಿಟ್ಟು ಹೇಳಲು ನಾಚಿಕೆಯಾದಾಗ ಬಳಸುವ ಪದ ಅದು. ನಿರ್ದೇಶಕರು ಕೆಟ್ಟವರೇನಲ್ಲ. ಮಳೆ ಬಂದರೆ ಹಜಾರದಲ್ಲಿ ಬಕೆಟ್ ಇಡಬೇಕಾದ ಸ್ಥಿತಿ ಇದ್ದದ್ದೂ ನಿಜ. ಆದರೂ ನಾನು ಆ ದಿನದಿಂದ ಅವರ ಕೋಣೆಯ ಮುಂದೆ ಹಾದುಹೋಗುವಾಗಲೆಲ್ಲ ಬೇಕೆಂದೇ ಚಪ್ಪಲಿ ಸದ್ದು ಮಾಡಿದೆ.

ಅಂಟಕ್ಕ ಸದ್ದು ಮಾಡಲಿಲ್ಲ. ಮಧ್ಯಾಹ್ನ ನನ್ನ ಕೋಣೆಗೆ ಬಂದು, ಒಳಗೆ ಕಾಲಿಡದೆ, ಬಾಗಿಲಲ್ಲೇ ನಿಂತಳು.

‘ನಿನ್ನ ಒರಳಿಗೆ ಹಾಕಿದ್ರೆ ಗೊತ್ತಾಗತ್ತೇನೇ?’ ಎಂದಳು.

ಅಷ್ಟು ವರ್ಷ ನನ್ನನ್ನು ಬೈದವಳ ಬಾಯಿಂದ ಆ ಮಾತು ಬಂದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳ ಕೈ ಹಿಡಿದು ಬಳ್ಳಿ ಸರ್ ಹತ್ತಿರ ಕರೆದುಕೊಂಡು ಹೋದೆ.

ಬಳ್ಳಿ ಸರ್ ನಮ್ಮ ವಿಭಾಗದ ವಿಜ್ಞಾನಿ. ಗಿಡಗಳ ವಂಶಬಳ್ಳಿ ಬರೆಯುವುದು ಅವರ ಕೆಲಸ. ಬರೆಯುವ ಚಟ ಎಷ್ಟೆಂದರೆ ಚಹಾದ ಲೋಟದ ಕೆಳಗಿನ ಕಾಗದದ ಮೇಲೂ ಕವಲು ಎಳೆಯುತ್ತಿರುತ್ತಾರೆ. ಅವರು ಅಂಟಕ್ಕನನ್ನು ಕೂರಿಸಿ ಸಮಾಧಾನವಾಗಿ ಹೇಳಿದರು.

‘ಎಲೆ ಒಳಗೆ ಹಸಿರು ಕಣಗಳಿರ್ತವೆ ಅಕ್ಕಾ, ಕ್ಲೋರೋಪ್ಲಾಸ್ಟ್ ಅಂತೀವಿ. ಬಿಸಿಲು ಹಿಡಿದು ಗಿಡಕ್ಕೆ ಊಟ ತಯಾರು ಮಾಡೋ ಅಡುಗೆಮನೆ ಅಂತ ಇಟ್ಕೊಳ್ಳಿ. ಆ ಅಡುಗೆಮನೆಗೆ ಅದರದ್ದೇ ಬೇರೆ ಡಿಎನ್‌ಎ ಇದೆ. ಹೆಚ್ಚಿನ ಹೂಗಿಡಗಳಲ್ಲಿ ಅದು ತಾಯಿ ಕಡೆಯಿಂದ್ಲೇ ಬರತ್ತೆ.’

‘ತವರಿಂದ ತಂದಿದ್ದು ಅನ್ನಿ.’

‘ಹಾಗೇ ಅನ್ನಿ. ನಾಲ್ಕೇ ಅಕ್ಷರದಲ್ಲಿ ಉದ್ದಕ್ಕೆ ಬರೆದಿರತ್ತೆ. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ನಕಲಾಗ್ತಾ ಇರತ್ತೆ. ಯಾವ ಕಾಲಕ್ಕೋ ಒಂದಕ್ಷರ ಬದಲಾಗತ್ತೆ. ಆ ಬದಲಾವಣೆ ಹಾಗೇ ಮುಂದಿನೋರಿಗೂ ಹೋಗತ್ತೆ. ಎರಡು ಗಿಡಗಳ ಅಕ್ಷರ ಪಕ್ಕಪಕ್ಕ ಇಟ್ಟು ನೋಡಿದಾಗ, ಬೇರೆಯವರಲ್ಲಿ ಇಲ್ಲದ ಬದಲಾವಣೆಗಳು ಇಬ್ಬರಲ್ಲೂ ಒಂದೇ ಥರ ಕಂಡ್ರೆ, ಇವರಿಬ್ಬರ ಹಿರಿಯರು ಒಂದೇ ಮನೆಯೋರು ಅಂತ.’

ಅಂಟಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ‘ನಮ್ಮಮ್ಮ ಸೂಜಿಗೆ ದಾರ ಪೋಣಿಸುವಾಗ ನಾಲಿಗೆ ಕಚ್ಕೋತಿದ್ಲು. ನಾನೂ ಕಚ್ಕೋತೀನಿ. ಅಣ್ಣ ಗಾಡಿ ಹಿಂದಕ್ಕೆ ತಗೊಳ್ಳುವಾಗ ಕಚ್ಕೋತಿದ್ದ. ಆ ಥರಾನಾ?’

ಬಳ್ಳಿ ಸರ್‌ಗೆ ಖುಷಿಯೋ ಖುಷಿ. ಕೂಡಲೇ ಕಾಗದ ಎಳೆದುಕೊಂಡು ನಾಲಿಗೆ ಕಚ್ಚುವವರ ಕವಲೊಂದನ್ನು ಬರೆದೇಬಿಟ್ಟರು.

ಅಂಟಕ್ಕನ ಎದುರಿಗೇ ಒಂದು ಎಲೆಯಿಂದ ಉಗುರಿನಷ್ಟು ಚೂರು ತೆಗೆದೆವು. ಅರೆದೆ, ತೊಳೆದೆ, ಸೋಸಿದೆ. ಎಲ್ಲ ಹಸಿರು ಗಿಡಗಳ ಕ್ಲೋರೋಪ್ಲಾಸ್ಟಿನಲ್ಲೂ ಇರುವ ಒಂದು ತುಣುಕನ್ನು ಯಂತ್ರದಲ್ಲಿ ಲಕ್ಷಾಂತರ ಪ್ರತಿ ಮಾಡಿಸಿ, ಅಕ್ಷರ ಓದಿಸಲು ಕಳಿಸಿದೆ. ಉತ್ತರ ಬರುವವರೆಗೆ ಅಂಟಕ್ಕ ನನ್ನ ಬಾಗಿಲಲ್ಲಿ ಇಣುಕಿದ್ದಕ್ಕೆ ಲೆಕ್ಕವಿಲ್ಲ. ಬಂದ ಅಕ್ಷರಗಳನ್ನು, ಪ್ರಪಂಚದ ಗಿಡಗಳ ಅಕ್ಷರಗಳನ್ನೆಲ್ಲ ಕೂಡಿಟ್ಟಿರುವ ಭಂಡಾರದ ಜೊತೆ ಕಂಪ್ಯೂಟರಿನಲ್ಲಿ ಹೋಲಿಸಿದೆವು.

ಗೋಧಿ ಎಂದು ಬಂತು.

ಗೋಧಿಯ ಹತ್ತಿರದ್ದು ಎಂದಲ್ಲ, ಗೋಧಿಯೇ. ಅಕ್ಷರಕ್ಕೆ ಅಕ್ಷರ ಸರಿಯಾಗಿ. ಬೆಟ್ಟದ ಮೇಲೆ ಜೀಪು ತಡೆದು ನಿಲ್ಲಿಸಿದ ಪೊದೆ, ಹೊಲದಲ್ಲಿ ಗಾಳಿಗೆ ಬಾಗುವ ಗೋಧಿ! ಬಳ್ಳಿ ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಬಹಳ ಮೆಲ್ಲಗೆ, ‘ನಿಮ್ಮ ಟೇಬಲ್ ಮೇಲೆ ಏನಾದ್ರೂ ತಿಂದಿದ್ರಾ?’ ಎಂದು ನನ್ನನ್ನು ಕೇಳಿದರು.

ನಾನು ಅಲ್ಲಿ ನೀರು ಕೂಡ ಕುಡಿಯುವವಳಲ್ಲ. ಮೈಯೆಲ್ಲ ಉರಿದುಹೋಯಿತು. ಮೇಜು, ಪೆಟ್ಟಿಗೆ, ಕುರ್ಚಿಯ ಕಾಲು ಸಮೇತ ತೊಳೆದೆ. ಹೊಸ ದ್ರಾವಣ ತೆರೆದೆ. ಬೇರೆ ಎಲೆಯ ಚೂರು ತೆಗೆದು, ಉಸಿರು ಬಿಗಿಹಿಡಿದು ಮತ್ತೆ ಮಾಡಿದೆ. ಜೊತೆಗೆ ಎಲೆಯೇ ಇಲ್ಲದ ಖಾಲಿ ನಳಿಕೆಯೊಂದನ್ನೂ ಓಡಿಸಿದೆ; ಕೊಳೆ ನನ್ನ ಕೋಣೆಯದಾಗಿದ್ದರೆ ಅದರಲ್ಲೂ ಏನಾದರೂ ಕಾಣಬೇಕಿತ್ತು. ಖಾಲಿ ನಳಿಕೆ ಖಾಲಿಯೇ ಇತ್ತು. ಎಲೆ ಮಾತ್ರ ಮತ್ತೆ ಗೋಧಿ ಎಂದಿತು. ತಪ್ಪು ನನ್ನದಲ್ಲವೆಂದು ಒಂದು ಕ್ಷಣ ಹಿಗ್ಗಿದೆ. ಆಮೇಲೆ, ಹಾಗಾದರೆ ಈ ಗೋಧಿ ಎಲ್ಲಿಂದ ಬಂತು ಎನ್ನುವ ಹುಳು ತಲೆಯೊಳಗೆ ಹೊಕ್ಕಿತು.

ಅದನ್ನೇ ಗೊಣಗಿಕೊಂಡು ಹಾಳೆ ಹಿಂತಿರುಗಿಸಲು ಅವಳ ಕೋಣೆಗೆ ಹೋದೆ. ಅಂಟಕ್ಕ ಮೂಲೆಯಲ್ಲಿ ಸಣ್ಣ ಕರೆಂಟು ಒಲೆಯ ಮುಂದೆ ಕೂತು ಅಂಟು ಕಾಯಿಸುತ್ತಿದ್ದಳು. ಬಾಣಲೆಯಲ್ಲಿ ಬೆಳ್ಳಗೆ ಕುದಿಯುತ್ತಿತ್ತು. ಹುಳು ಬರದಿರಲೆಂದು ಚಿಟಿಕೆ ಮೈಲುತುತ್ತ ಉದುರಿಸಿದಳು. ಬಿಳಿಗೆ ತಿಳಿನೀಲಿ ಬಂತು. ಈಗಿನವರೆಲ್ಲ ಬಾಟಲಿಯ ಅಂಟು ತರಿಸುತ್ತಾರೆ, ಅದು ಎಲೆಯ ಜೀವ ತೆಗೆಯುತ್ತದೆ ಎಂದು ಅವಳ ವಾದ. ಒಲೆಯ ಪಕ್ಕದಲ್ಲಿ ಹರಿದ ಪೊಟ್ಟಣವೊಂದು ಬಿದ್ದಿತ್ತು. ಆ ಪೊಟ್ಟಣವನ್ನು ನಾನು ಸಾವಿರ ಸಲ ನೋಡಿದ್ದೇನೆ.

ಮೈದಾ ಹಿಟ್ಟು.

‘ಅಕ್ಕಾ,’ ಎಂದೆ, ‘ಮೈದಾ ಮಾಡೋದು ಯಾವುದರಿಂದ?’

‘ಗೋಧಿಯಿಂದ. ಅಷ್ಟೂ ಗೊತ್ತಿಲ್ವಾ ನಿನಗೆ?’ ಎಂದವಳ ಕೈಯಲ್ಲಿ ಸೌಟು ನಿಂತಿತು.

ಸಾಮಾನ್ಯವಾಗಿ ಅಂಟಕ್ಕ ಎಲೆಗೆ ಅಂಟು ತಾಗಿಸುವುದೇ ಇಲ್ಲ. ಕಾಗದದ ಸಣ್ಣ ಪಟ್ಟಿಗಳಿಗೆ ಅಂಟು ಸವರಿ, ಕಾಂಡದ ಮೇಲೆ ಅಲ್ಲೊಂದು ಇಲ್ಲೊಂದು ಅಡ್ಡ ಹಾಕಿ ಹಿಡಿಸುತ್ತಾಳೆ. ನನ್ನ ಪ್ರಶ್ನೆಗೆ ಕಾಯದೆ ಅವಳೇ ಹೇಳಿದಳು. ಅಣ್ಣನ ಕೊಂಬೆಗೆ ಮಾತ್ರ ಹಾಗೆ ಮಾಡಿರಲಿಲ್ಲ. ಒಂದೇ ಒಂದು ಎಲೆಯೂ ಉದುರಬಾರದು, ಒಂದು ಹುಳವೂ ಹತ್ತಿರ ಸುಳಿಯಬಾರದು ಎಂದು ಪ್ರತಿ ಎಲೆಗೂ ಎರಡೂ ಕಡೆ, ಕುಂಚ ಹಿಡಿದು, ಒಣಗಿದ ಮೇಲೆ ಇನ್ನೊಂದು ಸಲ, ಮೈಲುತುತ್ತ ಬೆರೆಸಿದ ಮೈದಾ ಅಂಟನ್ನು ಬಳಿದಿದ್ದಳು. ಮಗುವಿಗೆ ಎಣ್ಣೆ ಹಚ್ಚುವ ಹಾಗೆ ಹಚ್ಚಿದ್ದಳು. ಆ ಎಲೆಗಳು ಅಷ್ಟು ವರ್ಷ ಹೊಳೆಯುತ್ತಿದ್ದದ್ದು ಅದಕ್ಕೇ. ಒಣ ಎಲೆಯಲ್ಲಿ ಅದರದೇ ಡಿಎನ್‌ಎ ಹರಿದು ಚಿಂದಿಯಾಗಿತ್ತು. ಮೇಲೆ ಕೂತ ಗೋಧಿಯ ದನಿ ಮಾತ್ರ ನಮ್ಮ ಯಂತ್ರಕ್ಕೆ ಕೇಳಿಸಿತ್ತು.

‘ನನ್ನ ಕೈಯಾರೆ ನಾನೇ ಹಾಳು ಮಾಡಿದ್ನಲ್ಲೇ,’ ಎಂದಳು. ಬಾಣಲೆಯಲ್ಲಿ ಅಂಟು ತಳ ಹಿಡಿಯಿತು. ಅವಳು ನೋಡಲಿಲ್ಲ. ನಾನೇ ಒಲೆ ಆರಿಸಿದೆ. ಅವಳ ಪಕ್ಕದಲ್ಲಿ ಕೂತೆ. ನನಗೂ ಅಳು ಬಂತು. ಬಂದಿಲ್ಲವೆಂದು ಯಾಕೆ ಹೇಳಲಿ.

ಬಳ್ಳಿ ಸರ್ ಸುದ್ದಿ ಕೇಳಿ ಮೊದಲು ಜೋರಾಗಿ ನಕ್ಕರು. ಅಂಟಕ್ಕನ ಮುಖ ನೋಡಿ ನಗು ನುಂಗಿದರು. ಭೂತಗನ್ನಡಿ ತಂದು, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಎಲ್ಲಾದರೂ ಅಂಟು ತಾಗದ ಜಾಗ ಒಂದಿಷ್ಟು ಸಿಕ್ಕಿದ್ರೆ ಸಾಕು’ ಎಂದು ಎಲೆ ಎಲೆಯನ್ನೂ ನೋಡುತ್ತ ಬಂದರು. ಪ್ರತಿ ಎಲೆಯಲ್ಲೂ ತಿಳಿನೀಲಿ ಹೊಳಪು. ಹಾಳೆಯ ಕೆಳತುದಿಗೆ ಬರುವಷ್ಟರಲ್ಲಿ ಅಲ್ಲಿ ಅಂಟಕ್ಕನ ಅಂಗೈ ಇತ್ತು.

‘ಅಕ್ಕಾ, ಸ್ವಲ್ಪ ಕೈ ತೆಗೀರಿ.’

ಅವಳು ತೆಗೆಯಲಿಲ್ಲ.

ಆಗ ನನಗೆ ಹೊಳೆಯಿತು. ಅವಳಿಗೆ ಆಗಲೇ ಗೊತ್ತಿತ್ತು. ಅಂಗೈಯ ಕೆಳಗಿದ್ದದ್ದು ಕೊಂಬೆಯ ಬುಡ. ಟಯರಿನಡಿ ಜಜ್ಜಿದ ತುಂಡು. ದಪ್ಪ ಕಾಂಡಕ್ಕೆ ಅಂಟು ಹಿಡಿಯುವುದಿಲ್ಲ, ಇಂಥ ಸಸ್ಯಸಂಗ್ರಹಗಳಲ್ಲಿ ಅದನ್ನು ದಾರದಿಂದ ಹಾಳೆಗೆ ಹೊಲಿಯುತ್ತಾರೆ. ಅವಳೂ ಹೊಲಿದಿದ್ದಳು. ಆ ತುಂಡಿಗೆ ಮಾತ್ರ ಮೈದಾ ತಾಗಿರಲಿಲ್ಲ. ಹಾಳೆಯ ಅಂದ ಕೆಡಿಸುತ್ತದೆ, ಕತ್ತರಿಸಿ ಬಿಸಾಡಿ ಎಂದು ಎಷ್ಟೋ ಜನ ಅವಳಿಗೆ ಹೇಳಿದ್ದರು. ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಹಾಳೆಯ ಮೇಲೆ ಗಿಡದ್ದು ಉಳಿದದ್ದೆಲ್ಲ ಇತ್ತು. ಅಣ್ಣ ಬದುಕಿ ಉಳಿದದ್ದರ ಗುರುತು ಮಾತ್ರ ಆ ಟಯರಿನ ಗೆರೆಗಳಲ್ಲೇ ಇತ್ತು.

ಕೊನೆಗೆ ಕೈ ತೆಗೆದಳು. ಬಳ್ಳಿ ಸರ್ ಬಹಳ ಹೊತ್ತು ಬಾಗಿ ನೋಡಿದರು. ತೊಗಟೆಯಡಿ ಎಂದೋ ಹಸಿರಾಗಿದ್ದ ಪದರ ಉಳಿದಿದೆ, ದಾರದ ಪಕ್ಕದಲ್ಲಿ ಚಿಗುರದೇ ಹೋದ ಒಂದು ಕಣ್ಣೂ ಇದೆ ಎಂದರು. ಆದರೆ ಹಳೆಯದು, ಒಣಗಿದ್ದು. ಚಿಟಿಕೆ ತೆಗೆದರೆ ಸಾಲದು, ತುಂಡು ಪೂರ್ತಿ ಬೇಕು. ಪೂರ್ತಿ ಅರೆದರೂ ಉತ್ತರ ಸಿಕ್ಕೇ ಸಿಗುತ್ತದೆ ಎನ್ನಲಾಗದು.

‘ಸಿಗದಿದ್ರೆ?’ ಎಂದಳು ಅಂಟಕ್ಕ.

‘ಸಿಗದಿದ್ರೆ ತುಂಡೂ ಇಲ್ಲ, ಉತ್ತರವೂ ಇಲ್ಲ.’ ಸುಳ್ಳು ಧೈರ್ಯ ಹೇಳದಿದ್ದಕ್ಕೆ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು. ಕೋಪವೂ ಬಂತು.

ಆ ಸಂಜೆ ಅವಳ ಜೊತೆ ನಾನೂ ಅವಳ ಮನೆಗೆ ಹೋದೆ. ಅಣ್ಣ ಕಿಟಕಿಯ ಪಕ್ಕದಲ್ಲಿ ಕೂತು, ಬೀದಿಯಲ್ಲಿ ಗಾಡಿ ನಿಲ್ಲಿಸುವವರನ್ನೆಲ್ಲ ಬೈಯುತ್ತಿದ್ದ. ‘ನೋಡಮ್ಮ, ಅಷ್ಟು ಜಾಗ ಇಟ್ಕೊಂಡು ಹೇಗೆ ಒದ್ದಾಡ್ತಾನೆ. ಸ್ಟೀರಿಂಗ್ ಹಿಡಿದಿದಾನೋ, ಮುದ್ದೆ ತಿರುವ್ತಿದಾನೋ!’ ತಂಗಿ ಚಪ್ಪಲಿ ಬಿಡುತ್ತಿದ್ದ ಹಾಗೇ ಎಂದಿನ ಪ್ರಶ್ನೆ ಕೇಳಿದ. ವಿಲೇವಾರಿಯ ವಿಷಯ ಅವನಿಗೆ ಅವಳು ಹೇಳಿರಲಿಲ್ಲ. ಹೇಳಬೇಡವೆಂದು ನನಗೂ ಕಣ್ಣು ಬಿಟ್ಟಿದ್ದಳು.

‘ಇನ್ನೂ ಇಲ್ಲ ಕಣೋ,’ ಎಂದಳು.

‘ನಾನು ಹೋಗೋದ್ರೊಳಗೆ ಗೊತ್ತಾದ್ರೆ ಸಾಕಪ್ಪ,’ ಎಂದು ಅಣ್ಣ ಮತ್ತೆ ಬೀದಿಯ ಕಡೆ ತಿರುಗಿ ಇನ್ನೊಬ್ಬನನ್ನು ಬೈಯತೊಡಗಿದ. ತಮಾಷೆಗೆಂದೇ ಹೇಳಿದ್ದು. ಅಂಟಕ್ಕ ನೀರು ತರುತ್ತೇನೆಂದು ಒಳಗೆ ಹೋದವಳು ಬೇಗ ಬರಲಿಲ್ಲ.

ಮರುದಿನ ಅವಳು ಬಂದದ್ದು ತನ್ನ ಸಣ್ಣ ಕತ್ತರಿ ಹಿಡಿದು. ‘ನೀವಿಬ್ಬರೂ ಮುಟ್ಟಬೇಡಿ. ಹೊಲಿದೋಳು ನಾನು, ತೆಗೆಯೋಳೂ ನಾನೇ.’ ನಾನು ಕತ್ತರಿಯನ್ನು ಶುದ್ಧ ಮಾಡಿ, ಅವಳ ಕೈಗೆ ಗವಸು ತೊಡಿಸಿದೆ. ಅವಳು ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡಳು. ದಾರವನ್ನು ಕತ್ತರಿಸಲಿಲ್ಲ. ಎರಡು ಹೊಲಿಗೆಗಳ ಮೇಲ್ಗಡೆ ಕಾಂಡವನ್ನು ಕೊಯ್ದು, ಬುಡದ ತುಂಡನ್ನು ದಾರದ ಕುಣಿಕೆಗಳಿಂದ ಮೆಲ್ಲಗೆ ಕೆಳಕ್ಕೆ ಜಾರಿಸಿದಳು. ನನ್ನ ಅಂಗೈಯಲ್ಲಿಟ್ಟು, ‘ಚೆನ್ನಾಗಿ ಅರಿ,’ ಎಂದಳು.

ಅದನ್ನು ನನ್ನ ಮೇಜಿಗೆ ಒಯ್ದೆ. ಮೊದಲು ಹೊರಮೈಯನ್ನು ಕೆರೆದು ತೆಗೆಯಬೇಕಿತ್ತು. ಟಯರಿನ ಗೆರೆಗಳು ಪುಡಿಯಾಗಿ ಉದುರಿದವು. ಒಳಗಿನ ಪದರ, ಆ ಚಿಗುರದ ಕಣ್ಣು ಎರಡನ್ನೂ ಬೇರೆ ಬೇರೆ ನಳಿಕೆಗೆ ಹಾಕಿದೆ.

ಒಳಪದರದ ನಳಿಕೆಯಲ್ಲಿ ಏನೂ ಬರಲಿಲ್ಲ. ಕಣ್ಣಿನ ನಳಿಕೆಯಲ್ಲಿ ಬಂತು.

ಅಕ್ಷರಗಳು ಪರದೆಯ ಮೇಲೆ ಮೂಡಿದಾಗ ನಾವು ಮೂವರೂ ಒಂದೇ ಕುರ್ಚಿಯ ಹಿಂದೆ ನಿಂತಿದ್ದೆವು. ಕೂರುವಷ್ಟು ಸಹನೆ ಯಾರಿಗೂ ಇರಲಿಲ್ಲ. ಗೋಧಿ ಅಲ್ಲ! ಮೊದಲು ಖಚಿತವಾದದ್ದು ಅದು. ಬಳ್ಳಿ ಸರ್ ಕಾಫಿಯ ಕುಟುಂಬದ ಸಾಲನ್ನು ತಂದು ಕೆಳಗಿಟ್ಟರು. ಎಷ್ಟೋ ಕಡೆ ಅಕ್ಷರ ತಾಳೆಯಾಗಲಿಲ್ಲ. ಮಲ್ಲಿಗೆಯ ಕುಟುಂಬದ್ದು ಸ್ವಲ್ಪ ಹತ್ತಿರ, ಆದರೂ ಅಲ್ಲ. ಅಷ್ಟರಲ್ಲಿ ಭಂಡಾರದ ಹುಡುಕಾಟ ಮುಗಿದು, ಅತಿ ಹತ್ತಿರದ ಗಿಡಗಳ ಸಾಲು ಬಂತು. ಅದರ ಮೊದಲಲ್ಲೇ ಇದ್ದ ಹೆಸರು ಕಂಡು ನಾನು ಬೆಪ್ಪಾದೆ. ಆ ಮಾದರಿಯನ್ನು ಭಂಡಾರಕ್ಕೆ ಕಳಿಸಿದವಳು ನಾನೇ. ಹೊಸ ಯಂತ್ರ ಬಂದಾಗ, ಸರಿಯಾಗಿ ಓಡುತ್ತದೋ ಇಲ್ಲವೋ ಎಂದು ನೋಡಲು, ದೂರ ಹೋಗಲು ಸೋಮಾರಿತನವಾಗಿ ಗೇಟಿನ ಪಕ್ಕದಿಂದ ಕಿತ್ತುಕೊಂಡು ಬಂದಿದ್ದ ಎಲೆ.

‘ಡುರಾಂಟ,’ ಎಂದೆ. ‘ಅಕ್ಕಾ, ನಮ್ಮ ಗೇಟಿನ ಬೇಲಿ!’

ಹಳದಿ ಎಲೆಯ, ಚೌಕವಾಗಿ ಕತ್ತರಿಸಿದ, ಯಾರೂ ತಿರುಗಿ ನೋಡದ ಆ ಬೇಲಿ. ನಡುವೆ ಒಂದು ಕಡೆ ಅದಕ್ಕೆ ದೊಡ್ಡ ಕಿಂಡಿ ಇದೆ. ಕೆಲಸದ ಕೊನೆಯ ದಿನ ಅಣ್ಣ ಕಣ್ಣಲ್ಲಿ ನೀರು ತುಂಬಿಕೊಂಡು ಜೀಪನ್ನು ಹಿಂದಕ್ಕೆ ತೆಗೆದು ಬೇಲಿಗೆ ನುಗ್ಗಿಸಿದ್ದ. ಆ ಜಾಗ ಮತ್ತೆ ತುಂಬಲೇ ಇಲ್ಲ.

‘ಅದೇ ಗಿಡ ಅಲ್ಲ,’ ಎಂದು ಬಳ್ಳಿ ಸರ್ ಎಚ್ಚರಿಸಿದರು. ‘ಒಂದು ತುಣುಕು ಓದಿ ಯಾವ ಜಾತಿ ಅಂತ ಹೇಳೋಕಾಗಲ್ಲ. ದಾಯಾದಿ ಅನ್ನಿ. ಆದ್ರೆ ಮನೆ ಅದೇ, ವರ್ಬಿನೇಸಿ ಕುಟುಂಬ. ಅದರಲ್ಲಿ ಅನುಮಾನ ಇಲ್ಲ.’ ಅಂಟಿನಡಿ ಮಸುಕಾಗಿ ಕಾಣುವ ಎಲೆಯ ರೋಮಗಳನ್ನೂ ಸೂಕ್ಷ್ಮದರ್ಶಕದಲ್ಲಿ ಹೋಲಿಸಿದರು. ಅವೂ ಹೌದೆಂದವು.

ಕಡತ ನಿರ್ದೇಶಕರ ಮೇಜಿಗೆ ಹೋಯಿತು. ಅವರು ಪೂರ್ತಿ ಓದಿದರು. ಅದು ನನ್ನ ನಿರೀಕ್ಷೆಯಲ್ಲಿ ಇರಲಿಲ್ಲ. ಹಾಳೆಯನ್ನು ವರ್ಬಿನೇಸಿ ಕಪಾಟಿಗೆ ಸೇರಿಸಿ ಎಂದು ಬರೆದು, ಗೊತ್ತಿಲ್ಲ ಕಪಾಟಿನ ಉಳಿದ ಹಾಳೆಗಳನ್ನೂ ಪರೀಕ್ಷೆ ಆಗುವವರೆಗೆ ಇಟ್ಟುಕೊಳ್ಳಿ ಎಂದರು. ಪರೀಕ್ಷೆ ಮಾಡುವವಳು ಯಾರೆಂದು ಬೇರೆ ಹೇಳಬೇಕೆ? ಈಗಲೂ ಅರೆಯುತ್ತಲೇ ಇದ್ದೇನೆ. ಆದರೆ ಅವರ ಕೋಣೆಯ ಮುಂದೆ ಚಪ್ಪಲಿ ಸದ್ದು ಮಾಡುವುದನ್ನು ಬಿಟ್ಟಿದ್ದೇನೆ.

ಅಂಟಕ್ಕ ಅಣ್ಣನಿಗೆ ಆ ದಿನವೇ ಹೇಳಲಿಲ್ಲ. ತನ್ನ ಬೀಳ್ಕೊಡುಗೆಯ ದಿನ ಬಾ, ಬಂದರೆ ತೋರಿಸುತ್ತೇನೆ ಎಂದಳಂತೆ. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಊರುಗೋಲು ಹಿಡಿದು, ಆಟೋದಿಂದ ಇಳಿಯುವಾಗ ಚಾಲಕನಿಗೆ ಬ್ರೇಕ್ ಹಿಡಿಯುವುದು ಹೇಗೆಂದು ಪಾಠ ಹೇಳುತ್ತ ಬಂದ. ಗೇಟಿನ ಹತ್ತಿರ ಬೇಲಿಯ ಕಿಂಡಿಯ ಮುಂದೆ ಅವಳು ಅವನನ್ನು ನಿಲ್ಲಿಸಿದಳು.

‘ನೀನು ಕೇಳ್ತಿದ್ಯಲ್ಲ, ನಮ್ಮೋರು ಯಾರ ಮನೆಯೋರು ಅಂತ. ಇವರ ಮನೆಯೋರು.’

ಅಣ್ಣ ಬೇಲಿಯನ್ನು ನೋಡಿದ, ಕಿಂಡಿಯನ್ನು ನೋಡಿದ. ‘ಇದಾ? ಜೀಪು ತೊಳೆಯೋ ನೀರೆಲ್ಲ ನಾನು ಇದಕ್ಕೇ ಸುರೀತಿದ್ದೆ.’ ಸ್ವಲ್ಪ ತಡೆದು, ‘ಅಲ್ಲ ಕಣೇ, ಅಲ್ಲಿ ಅವರ ಕೈಕಾಲು ಮುರಿದೆ, ಇಲ್ಲಿ ಇವರ ಮೇಲೆ ಗಾಡಿ ಹತ್ತಿಸಿದೆ. ಇಡೀ ವಂಶದ ಮೇಲೇ ನನಗೇನೋ ಹಗೆ ಅಂದ್ಕೊಂಡಿರ್ತಾರೆ ಇವರು!’ ಎಂದು ಊರುಗೋಲು ಅಲುಗಾಡುವಷ್ಟು ನಕ್ಕ. ನಗುತ್ತಲೇ ಬಗ್ಗಿ ಒಂದು ಹಳದಿ ಎಲೆಯನ್ನು ಕೀಳದೆ, ಬೆರಳಿನಿಂದ ಸವರಿದ.

ಆಮೇಲೆ ಹಜಾರಕ್ಕೆ ಕರೆದುಕೊಂಡು ಹೋದೆವು. ಅಷ್ಟು ವರ್ಷ ಇದೇ ಸಂಸ್ಥೆಯಲ್ಲಿ ದುಡಿದವನು ಆ ಹಜಾರದೊಳಗೆ ಬಂದದ್ದು ಅದೇ ಮೊದಲು. ಅವನ ಜಾಗ ಯಾವಾಗಲೂ ಹೊರಗೆ, ಗಾಡಿಯ ಪಕ್ಕದಲ್ಲಿ. ಅಂಟಕ್ಕ ವರ್ಬಿನೇಸಿ ಎಂದು ಬರೆದ ಹೊಸ ಕಪಾಟನ್ನು ತೆರೆದು, ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟಳು. ಹೊಳೆಯುವ ಎಲೆಗಳು, ಕತ್ತರಿಸಿದ ಕಾಂಡ, ಅದರ ಕೆಳಗೆ ಏನನ್ನೂ ಹಿಡಿಯದ ಎರಡು ದಾರದ ಕುಣಿಕೆಗಳು. ಅವನ್ನು ಬಿಚ್ಚಲು ಅವಳಿಗೆ ಮನಸ್ಸು ಬಂದಿರಲಿಲ್ಲ.

ಅಣ್ಣ ನಾಲಿಗೆ ಕಚ್ಚಿಕೊಂಡು ಬಹಳ ಹೊತ್ತು ನೋಡಿದ.

‘ಟಯರ್ ಹತ್ತಿದ್ದ ತುಂಡೆಲ್ಲೇ?’ ಎಂದ.

ಅಂಟಕ್ಕ ವಿಲೇವಾರಿಯ ವಿಷಯ, ಮೈದಾ ಅಂಟಿನ ವಿಷಯ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ‘ಅರೆದುಬಿಟ್ವಿ ಅಣ್ಣಾ. ಅರೆಯದಿದ್ರೆ ಇವತ್ತು ಇದು ಪೂರ್ತಿ ಕಸಕ್ಕೆ ಹೋಗಿರೋದು. ನಿನ್ನನ್ನ ಒಂದು ಮಾತು ಕೇಳ್ದೆ ನಾನೇ ಕತ್ತರಿಸಿದೆ,’ ಎಂದಳು.

ಅವನು ಕುಣಿಕೆಯೊಂದನ್ನು ಕಿರುಬೆರಳಿನಿಂದ ಮೆಲ್ಲಗೆ ಎತ್ತಿ ಬಿಟ್ಟ.

‘ಹೋಗ್ಲಿ ಬಿಡೇ,’ ಎಂದ. ‘ಜಾರಿ ಹೋಗೋದನ್ನ ತಡೀಲಿ ಅಂತಾನೇ ಅಲ್ವಾ ನಾನು ಅದನ್ನ ಮುರಿದಿದ್ದು? ಈ ಸಲಾನೂ ತಡೀತು.’

ಅಂಟಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಹಾಳೆಯನ್ನು ಕಪಾಟಿಗೆ ಇಟ್ಟಳು. ಹೊಸ ಕಬ್ಬಿಣದ ಬಾಗಿಲು ಗಟ್ಟಿ, ಮುಚ್ಚಲು ಒಬ್ಬರ ಕೈ ಸಾಲದು. ಅಣ್ಣ ಊರುಗೋಲನ್ನು ನನ್ನ ಕೈಗೆ ಕೊಟ್ಟು, ತಂಗಿಯ ಜೊತೆ ಸೇರಿ ಅದನ್ನು ತಳ್ಳಿ ಮುಚ್ಚಿದ.